ನಿಮಿಷಕ್ಕೆ ಒಂದು ಮಿಲಿಮೀಟರು
ಅರಿವಳಿಕೆಯ ಸಿರಿಂಜು ಪಂಪನ್ನು ಆರಿಸುವ ಮತ್ತು ಬಳಸುವ ವಿಚಾರ

ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪೆಗೆ ಹೊರಟವನಿಗೆ ದಾರಿಯಲ್ಲಿ ಮಲಪನಗುಡಿ ಸಿಗುವುದು. ಬಾಳೆ ಕಬ್ಬುಗಳ ಈ ಸೀಮೆಯಲ್ಲಿ ನೀರನ್ನು ಅಳೆದು ಬಿಡುವ ವಿದ್ಯೆ ಹೊಸದಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಯಾವ ತೂಬನ್ನು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ನೀರು ಹೋದೀತೆಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು, ಬಾಗಿಲೇ ಕೊಚ್ಚಿಕೊಂಡು ಹೋಯಿತು. ಆ ಒಂದು ಕಂಡಿಯಿಂದ ಸೆಕೆಂಡಿಗೆ ಸುಮಾರು 35,000 ಘನ ಅಡಿ ನೀರು ಯಾರ ಅಪ್ಪಣೆಗೂ ಕಾಯದೆ ನದಿಗೆ ನುಗ್ಗಿತು. ಒತ್ತಡವನ್ನು ಇಳಿಸುವುದಕ್ಕಾಗಿ ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ತಾತ್ಕಾಲಿಕ ಬಾಗಿಲನ್ನು ಇಳಿಸಿ ಕಂಡಿಯನ್ನು ಮುಚ್ಚುವ ಹೊತ್ತಿಗೆ ಸುಮಾರು ಒಂದು ವಾರ ಕಳೆದಿತ್ತು. ಅಂದು ನೀರನ್ನು ಹೊರದೂಡಿದ ಯಂತ್ರ ಯಾವುದೂ ಇರಲಿಲ್ಲ. ನೀರಿನ ಎತ್ತರವೇ ಅದನ್ನು ದೂಡಿತು. ಹಿಡಿದುಕೊಂಡಿದ್ದ ಒಂದು ಸರಪಳಿ ಬಿಟ್ಟುಕೊಟ್ಟಿತು, ಅಷ್ಟೆ.

ಇದಾದ ಕೆಲವು ತಿಂಗಳ ಮೇಲೆ, ಅರಿವಳಿಕೆ ತಜ್ಞರಾದ ನನ್ನ ಮಿತ್ರರೊಬ್ಬರು ಬಿಡುವಿನ ವೇಳೆಯಲ್ಲಿ ತಮ್ಮ ಶಸ್ತ್ರಚಿಕಿತ್ಸಾ ಕೊಠಡಿಯ ಒಂದು ಚಿಕ್ಕ ಯಂತ್ರವನ್ನು ನನಗೆ ತೋರಿಸಿದರು. ಉದ್ದವಾದ ಒಂದು ಪೆಟ್ಟಿಗೆ. ಅದರ ಮೇಲೆ ಅಡ್ಡಲಾಗಿ ಮಲಗಿಸಿದ 50 ಮಿಲಿಲೀಟರಿನ ಸಿರಿಂಜು. ಹಿಂದಿನಿಂದ ಅದನ್ನು ಒತ್ತುವ ಒಂದು ತೋಳು. ಯಂತ್ರ ನಡೆಯುತ್ತಿರುವುದೆಂದು ಅವರು ಹೇಳಿದರು. ನಾನು ಕಣ್ಣಿಟ್ಟು ನೋಡಿದೆ. ತೋಳು ಚಲಿಸಿದಂತೆಯೇ ಕಾಣಲಿಲ್ಲ. “ನಿಮಿಷಕ್ಕೆ ಒಂದು ಮಿಲಿಮೀಟರು ಚಲಿಸುತ್ತಿದೆ. ರೋಗಿಯ ನಿದ್ರೆ ಎಚ್ಚರಗಳೆರಡೂ ಆ ಒಂದು ಮಿಲಿಮೀಟರಿನಲ್ಲಿವೆ,” ಎಂದರು ಮಿತ್ರರು. ಇದೂ ಒಂದು ತೂಬೇ ಎಂದು ನನಗೆ ಆಗ ಹೊಳೆಯಿತು. ಆ ತೂಬಿನ ಭೌತಶಾಸ್ತ್ರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಳತೆಯ ಹಳೆಯ ಪ್ರಶ್ನೆ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯಿಂದ ರೋಗಿಯೊಬ್ಬನನ್ನು ಮೈಮರೆಸಿ ತೋರಿಸಿದನು. ಮರುವರ್ಷವೇ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಆದರೆ 1848ರ ಜನವರಿಯಲ್ಲಿ ಇಂಗ್ಲೆಂಡಿನ ಹಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲ್ಬೆರಳಿನ ಉಗುರನ್ನು ತೆಗೆಯಿಸಿಕೊಳ್ಳುವಷ್ಟು ಅಲ್ಪ ಚಿಕಿತ್ಸೆಗಾಗಿ ಕ್ಲೋರೋಫಾರ್ಮ್ ಸೇವಿಸಿ, ಕೆಲವೇ ನಿಮಿಷಗಳಲ್ಲಿ ಮರಣ ಹೊಂದಿದಳು. ಬಟ್ಟೆಯ ಮೇಲೆ ಔಷಧವನ್ನು ಸುರಿದು ಮೂಗಿಗೆ ಹಿಡಿದರೆ ಎಷ್ಟು ಒಳಹೋಯಿತೆಂದು ಯಾರಿಗೂ ತಿಳಿಯದು. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯನು ಈ ದೋಷವನ್ನು ಗುರುತಿಸಿ, ಆವಿಯ ಪ್ರಮಾಣವನ್ನು ಹಿಡಿತದಲ್ಲಿಡುವ ಉಪಕರಣಗಳನ್ನು ರಚಿಸಿದನು.

ನಮ್ಮ ನೆರೆಯಲ್ಲಿಯೂ ಈ ಚರ್ಚೆ ನಡೆದುದುಂಟು. ತುಂಗಭದ್ರೆಯ ಆಚೆ ದಡದ ಆನೆಗೊಂದಿಯ ಸೀಮೆ ಅಂದು ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಸೇರಿತ್ತು. ಅದೇ ಸಂಸ್ಥಾನದ ರಾಜಧಾನಿಯಲ್ಲಿ 1888 ಮತ್ತು 1889ರಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯನ ಪ್ರೇರಣೆಯಿಂದ ಎರಡು ಕ್ಲೋರೋಫಾರ್ಮ್ ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಉಸಿರಾಟವೊಂದನ್ನು ಗಮನಿಸುತ್ತಿದ್ದರೆ ಸಾಕು, ಹೃದಯಕ್ಕೆ ಅಪಾಯವಿಲ್ಲವೆಂಬುದು ಅವುಗಳ ತೀರ್ಮಾನ. ಆ ತೀರ್ಮಾನ ಮುಂದೆ ನಿಲ್ಲಲಿಲ್ಲ. ಕ್ಲೋರೋಫಾರ್ಮ್ ಹೃದಯವನ್ನೂ ನಿಲ್ಲಿಸಬಲ್ಲುದೆಂದು ನಂತರ ತಿಳಿದುಬಂದಿತು.

ಔಷಧವನ್ನು ನೇರವಾಗಿ ರಕ್ತಕ್ಕೆ ಕೊಡುವ ದಾರಿ 1853ರ ಸುಮಾರಿಗೆ ಸಿರಿಂಜು ರೂಪುಗೊಂಡ ಮೇಲೆ ಸುಗಮವಾಯಿತು. 1934ರಲ್ಲಿ ಥಯೋಪೆಂಟಾಲ್ ಎಂಬ ನಿದ್ರಾಕಾರಕ ಔಷಧ ಬಳಕೆಗೆ ಬಂದಿತು. ಅನಂತರ ಬಂದುದು ಪ್ರೊಪೊಫಾಲ್. 1977ರಲ್ಲಿ ಮನುಷ್ಯರ ಮೇಲೆ ಇದರ ಮೊದಲ ಪರೀಕ್ಷೆಗಳು ನಡೆದವು. ಸೋಯಾ ಎಣ್ಣೆಯ ಸೂಕ್ಷ್ಮ ಹನಿಗಳಲ್ಲಿ ಕರಗಿಸಿದ ಇಂದಿನ ರೂಪದಲ್ಲಿ 1986ರಲ್ಲಿ ಮಾರುಕಟ್ಟೆಗೆ ಬಂದಿತು. ನೋಡುವುದಕ್ಕೆ ಹಾಲಿನಂತೆ ಬೆಳ್ಳಗಿರುವುದು. ಒಮ್ಮೆ ಚುಚ್ಚಿದರೆ ಅರೆನಿಮಿಷದಲ್ಲಿಯೇ ನಿದ್ರೆ ಬರುವುದಾದರೂ, ಕೆಲವೇ ನಿಮಿಷಗಳಲ್ಲಿ ರೋಗಿ ಎಚ್ಚರಗೊಳ್ಳುವನು. ಆದುದರಿಂದ ಎರಡು ಗಂಟೆಯ ಶಸ್ತ್ರಚಿಕಿತ್ಸೆಗೆ ಎರಡು ಗಂಟೆಯೂ ಅದನ್ನು ಬಿಡದೆ, ಸಮನಾಗಿ ಹರಿಸುತ್ತಿರಬೇಕು. ಮನುಷ್ಯನ ಹೆಬ್ಬೆರಳಿಗೆ ಈ ಕೆಲಸ ಸಾಧ್ಯವಿಲ್ಲ. ಯಂತ್ರ ಬೇಕಾದುದು ಇಲ್ಲಿ.

ಕೆರೆಯ ಲೆಕ್ಕ

ಕಮಲಾಪುರದ ಕೆರೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದು ಕಡೆ ಕಾಲುವೆಯಿಂದ ನೀರು ಒಳಬರುತ್ತಿದೆ, ಇನ್ನೊಂದು ಕಡೆ ತೂಬಿನಿಂದ ಹೊರಹೋಗುತ್ತಿದೆ. ಕೆರೆಯ ಮಟ್ಟ ಏರಿದಂತೆಲ್ಲ ತೂಬಿನ ಮೇಲಿನ ಒತ್ತಡ ಹೆಚ್ಚಿ ಹೊರಹರಿವೂ ಹೆಚ್ಚುವುದು. ಒಳಹರಿವು ಹೊರಹರಿವುಗಳು ಸಮನಾದಾಗ ಮಟ್ಟ ನಿಲ್ಲುವುದು. ರಕ್ತದಲ್ಲಿ ಔಷಧದ ಮಟ್ಟವೂ ಹೀಗೆಯೇ. ಪಂಪು ಒಳಹರಿವು, ಔಷಧವನ್ನು ಒಡೆಯುವ ಯಕೃತ್ತು ಹೊರಹರಿವು. ಇದರ ಜೊತೆಗೆ, ರಕ್ತವೆಂಬ ಕೆರೆಗೆ ಸ್ನಾಯು ಮತ್ತು ಕೊಬ್ಬು ಎಂಬ ಇನ್ನೆರಡು ಕೆರೆಗಳು ಕಾಲುವೆಗಳಿಂದ ಕೂಡಿಕೊಂಡಿವೆ. ಅವು ತುಂಬುವವರೆಗೂ ರಕ್ತದ ಔಷಧವನ್ನು ಎಳೆದುಕೊಳ್ಳುತ್ತಲೇ ಇರುವುವು.

ಬರಿದಾದ ಕೆರೆಯನ್ನು ಬೇಗ ತುಂಬಬೇಕಾದರೆ ಮೊದಲು ಹೆಚ್ಚು ನೀರು ಬಿಟ್ಟು, ಆಮೇಲೆ ತಗ್ಗಿಸಬೇಕು. 1988ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಇಂತಹದೊಂದು ಕ್ರಮವನ್ನು ಪ್ರಕಟಿಸಿದರು. ಇತರ ಔಷಧಗಳ ಜೊತೆಗೆ ಪ್ರೊಪೊಫಾಲನ್ನು ಮೊದಲು ಒಂದು ಸಣ್ಣ ತುಂಬುಪ್ರಮಾಣವಾಗಿ ಕೊಟ್ಟು, ಬಳಿಕ ದೇಹತೂಕದ ಕಿಲೋಗ್ರಾಮಿಗೆ ಗಂಟೆಗೆ 10 ಮಿಲಿಗ್ರಾಮಿನಂತೆ ಹತ್ತು ನಿಮಿಷ, 8ರಂತೆ ಹತ್ತು ನಿಮಿಷ, ಆಮೇಲೆ 6ರಂತೆ ಕೊಡುವುದು ಆ ಕ್ರಮ. 1996ರಿಂದ ಈ ಲೆಕ್ಕವನ್ನು ಪಂಪಿನೊಳಗಿನ ಗಣಕವೇ ಮಾಡತೊಡಗಿತು. ರೋಗಿಯ ವಯಸ್ಸು, ತೂಕ ಮುಂತಾದುವನ್ನು ತಿಳಿಸಿ, ರಕ್ತದಲ್ಲಿ ಇಂತಿಷ್ಟು ಮಟ್ಟ ಬೇಕೆಂದು ಹೇಳಿದರೆ, ಹರಿವನ್ನು ಅದೇ ಏರಿಳಿಸಿಕೊಳ್ಳುವುದು. ಆದರೆ ಒಂದು ಮಾತನ್ನು ಮರೆಯಬಾರದು. ಆ ಯಂತ್ರ ರಕ್ತವನ್ನು ಪರೀಕ್ಷಿಸುವುದಿಲ್ಲ. ಹಿಂದೆ ಅಳೆದು ನೋಡಿದ ಕೆಲವು ಜನರ ಸರಾಸರಿಯಿಂದ ಈ ರೋಗಿಯ ಮಟ್ಟವನ್ನು ಊಹಿಸುವುದು, ಅಷ್ಟೆ. ತೂಕ 50ಕ್ಕೆ ಬದಲು 80 ಎಂದು ಬರೆದರೆ ಅದು ಪ್ರಶ್ನಿಸದೆ 80ರ ಲೆಕ್ಕವನ್ನೇ ಮಾಡುವುದು.

ಪಂಪಿಗೆ ತಿಳಿದಿರುವುದೇನು?

ಯಂತ್ರದ ಒಳರಚನೆ ಸರಳವಾಗಿದೆ. ಒಂದು ಮೋಟಾರು ಉದ್ದನೆಯ ತಿರುಪನ್ನು ಸುತ್ತುವುದು. ತಿರುಪು ಸುತ್ತಿದಂತೆ ಅದರ ಮೇಲೆ ಕುಳಿತ ತಿರುಪುಕಾಯಿ ಮುಂದೆ ಸರಿಯುವುದು. ಅದಕ್ಕೆ ಕೂಡಿಸಿದ ತೋಳು ಸಿರಿಂಜಿನ ಕೊಂತವನ್ನು, ಅಂದರೆ ಒಳಗೆ ಜಾರುವ ದಂಡವನ್ನು, ಒತ್ತುವುದು. ಮೋಟಾರು ಹೆಜ್ಜೆಹೆಜ್ಜೆಯಾಗಿ ತಿರುಗುವ ಜಾತಿಯದು. ಒಂದು ಸುತ್ತಿಗೆ 200 ಹೆಜ್ಜೆ, ಒಂದು ಸುತ್ತಿಗೆ ತಿರುಪು ಸರಿಯುವುದು ಒಂದು ಮಿಲಿಮೀಟರು ಎಂದಿಟ್ಟುಕೊಂಡರೆ, ಒಂದು ಹೆಜ್ಜೆಗೆ ಕೊಂತ ಸರಿಯುವುದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗ. ನಡುವೆ ಹಲ್ಲುಗಾಲಿಗಳನ್ನು ಸೇರಿಸಿ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸುವರು.

ಈಗ ಒಂದು ಲೆಕ್ಕ ಮಾಡೋಣ. ರೋಗಿಯ ತೂಕ 60 ಕಿಲೋಗ್ರಾಂ. ಗಂಟೆಗೆ ಕಿಲೋಗ್ರಾಮಿಗೆ 6 ಮಿಲಿಗ್ರಾಂ ಔಷಧ ಬೇಕು. ಗಂಟೆಗೆ 360 ಮಿಲಿಗ್ರಾಂ ಆಯಿತು. ಶೇಕಡಾ 1ರ ಪ್ರೊಪೊಫಾಲಿನ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುವುದರಿಂದ, ಗಂಟೆಗೆ 36 ಮಿಲಿಲೀಟರು ಹರಿಯಬೇಕು. ಸಿರಿಂಜಿನ ಒಳವ್ಯಾಸ 28 ಮಿಲಿಮೀಟರಾದರೆ ಅದರ ಅಡ್ಡಕೊಯ್ತದ ಕ್ಷೇತ್ರಫಲ 6.16 ಚದರ ಸೆಂಟಿಮೀಟರು. 36ನ್ನು 6.16ರಿಂದ ಭಾಗಿಸಿದರೆ ಗಂಟೆಗೆ 5.84 ಸೆಂಟಿಮೀಟರು, ಅಂದರೆ ನಿಮಿಷಕ್ಕೆ ಹೆಚ್ಚುಕಡಮೆ ಒಂದು ಮಿಲಿಮೀಟರು. ಗೋಡೆಗಡಿಯಾರದಲ್ಲಿ ಹತ್ತು ಸೆಂಟಿಮೀಟರು ಉದ್ದದ ಗಂಟೆಮುಳ್ಳಿನ ತುದಿ ಚಲಿಸುವ ವೇಗವೂ ಸುಮಾರು ಇಷ್ಟೇ. ನನ್ನ ಕಣ್ಣಿಗೆ ತೋಳಿನ ಚಲನೆ ಕಾಣದೆ ಹೋದುದು ಆಶ್ಚರ್ಯವಲ್ಲ.

ಈ ಲೆಕ್ಕದಲ್ಲಿಯೇ ಮುಖ್ಯವಾದ ಸಂಗತಿ ಅಡಗಿದೆ. ಪಂಪು ಅಳೆಯುವುದು ಕೊಂತ ಸರಿದ ದೂರವನ್ನು. ಪರದೆಯ ಮೇಲೆ ಅದು ತೋರಿಸುವ ಮಿಲಿಲೀಟರು, ಮಿಲಿಗ್ರಾಂ, ರಕ್ತದ ಮಟ್ಟ, ಇವೆಲ್ಲವೂ ಆ ದೂರದಿಂದ ಗುಣಿಸಿ ಪಡೆದ ಸಂಖ್ಯೆಗಳು. ಗುಣಿಸುವುದಕ್ಕೆ ಬೇಕಾದ ಇತರ ಅಂಕಿಗಳನ್ನು ಕೊಟ್ಟವರು ಮನುಷ್ಯರು. ಯಾವ ಕೊಂಡಿಯಲ್ಲಿ ತಪ್ಪಾದರೂ ಪರದೆಯ ಮೇಲಿನ ಸಂಖ್ಯೆ ಸರಿಯಾಗಿಯೇ ಕಾಣುವುದು. ರೋಗಿಗೆ ತಲಪುವುದು ಮಾತ್ರ ಬೇರೆಯಾಗಿರುವುದು. ಸಿರಿಂಜು ಪಂಪಿನ ಅಪಾಯಗಳೆಲ್ಲವನ್ನೂ ಈ ಒಂದು ಮಾತಿನಿಂದ ಅರ್ಥಮಾಡಿಕೊಳ್ಳಬಹುದು.

ವ್ಯಾಸದ ತಪ್ಪು, ಸಾರತೆಯ ತಪ್ಪು, ಮಾನದ ತಪ್ಪು

ಮೊದಲನೆಯದು ಸಿರಿಂಜಿನ ವ್ಯಾಸ. 50 ಮಿಲಿಲೀಟರಿನ ಸಿರಿಂಜುಗಳೆಲ್ಲವೂ ಒಂದೇ ದಪ್ಪವಲ್ಲ. ಒಬ್ಬ ತಯಾರಕನದು ಗಿಡ್ಡವಾಗಿ ದಪ್ಪವಾಗಿರಬಹುದು, ಇನ್ನೊಬ್ಬನದು ನೀಳವಾಗಿ ತೆಳ್ಳಗಿರಬಹುದು. ಒಂದರ ಒಳವ್ಯಾಸ 26.5, ಇನ್ನೊಂದರದು 29 ಮಿಲಿಮೀಟರು ಎನ್ನಿ. ವ್ಯತ್ಯಾಸ ಎರಡೂವರೆ ಮಿಲಿಮೀಟರು ಮಾತ್ರ. ಆದರೆ ಕ್ಷೇತ್ರಫಲ ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ, ಹರಿವಿನಲ್ಲಿ ಸುಮಾರು ಶೇಕಡಾ 20ರಷ್ಟು ಅಂತರವಾಗುವುದು. ಬಹುತೇಕ ಪಂಪುಗಳಲ್ಲಿ ಸಿರಿಂಜನ್ನು ಹಿಡಿಯುವ ಕೈ ಅದರ ಹೊರದಪ್ಪವನ್ನು ಅಳೆದು 20 ಮಿಲಿಲೀಟರಿನದೋ 50ರದೋ ಎಂದು ಗುರುತಿಸುವುದು. ತಯಾರಕನ ಹೆಸರನ್ನು ಮಾತ್ರ ಬಳಸುವವರೇ ಪಟ್ಟಿಯಿಂದ ಆರಿಸಿ ಖಚಿತಪಡಿಸಬೇಕು. ಅಗ್ಗವೆಂದು ಪಟ್ಟಿಯಲ್ಲಿಲ್ಲದ ಸಿರಿಂಜನ್ನು ತಂದು, ಹತ್ತಿರದ ಯಾವುದೋ ಹೆಸರನ್ನು ಒತ್ತಿದರೆ ಲೆಕ್ಕ ಆಗಲೇ ಕೆಟ್ಟಿತು.

ಎರಡನೆಯದು ಸಾರತೆ. ಪ್ರೊಪೊಫಾಲ್ ಶೇಕಡಾ 1ರದೂ ಉಂಟು, 2ರದೂ ಉಂಟು. ಎರಡೂ ಹಾಲಿನಂತೆಯೇ ಬಿಳುಪು. ಸಿರಿಂಜಿನಲ್ಲಿ 2ರದನ್ನು ತುಂಬಿ ಪಂಪಿಗೆ 1 ಎಂದು ಹೇಳಿದರೆ ಔಷಧ ಇಮ್ಮಡಿಯಾಗುವುದು. ರಕ್ತದೊತ್ತಡ ಕುಸಿದೀತು, ಉಸಿರು ನಿಂತೀತು. ತಿರುಗುಮುರುಗಾದರೆ ಅರ್ಧವಾಗಿ, ಕತ್ತಿಯಡಿಯಲ್ಲಿ ರೋಗಿ ಎಚ್ಚರಗೊಂಡಾನು. ಆದುದರಿಂದ ಒಂದು ಆಸ್ಪತ್ರೆಯಲ್ಲಿ ಒಂದೇ ಸಾರತೆಯನ್ನು ಇಟ್ಟುಕೊಳ್ಳುವುದು ಲೇಸು. ತುಂಬಿದ ಒಡನೆಯೇ ಸಿರಿಂಜಿಗೆ ಚೀಟಿ ಅಂಟಿಸುವುದು, ಎರಡು ಔಷಧಗಳಿಗೆ ಎರಡು ಪಂಪುಗಳಿದ್ದರೆ ಯಾವುದರಲ್ಲಿ ಯಾವುದೆಂದು ಇಬ್ಬರು ಓದಿ ನೋಡುವುದು ಅವಶ್ಯ.

ಮೂರನೆಯದು ಮಾನ. ಇದಕ್ಕೆ ಬ್ರಿಟನ್ನಿನ ಒಂದು ಉದಾಹರಣೆ ಪ್ರಸಿದ್ಧವಾಗಿದೆ. ಮಾರ್ಟಿನ್ ರೈಟ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಜೇಬಿನಲ್ಲಿಟ್ಟುಕೊಳ್ಳಬಹುದಾದ ಒಂದು ಸಿರಿಂಜು ಯಂತ್ರವನ್ನು ರಚಿಸಿದನು. ಕೊನೆಗಾಲದ ರೋಗಿಗಳ ನೋವು ಶಮನಕ್ಕೆ ಅದು ಬಹಳ ಉಪಕಾರಿಯಾಯಿತು. ಗ್ರೇಸ್‌ಬಿ ಎಂಬ ಹೆಸರಿನಲ್ಲಿ ಬಂದ ಈ ಯಂತ್ರದಲ್ಲಿ ಎರಡು ಬಗೆಗಳಿದ್ದವು. ಒಂದನ್ನು ಗಂಟೆಗೆ ಇಷ್ಟು ಮಿಲಿಮೀಟರು ಎಂದು ತಿರುಗಿಸಬೇಕು, ಇನ್ನೊಂದನ್ನು 24 ಗಂಟೆಗೆ ಇಷ್ಟು ಮಿಲಿಮೀಟರು ಎಂದು. ಬಣ್ಣ ಬೇರೆಯಾದರೂ ರೂಪ ಒಂದೇ. ಒಂದಕ್ಕೆ ಬದಲಾಗಿ ಇನ್ನೊಂದನ್ನು ಹಿಡಿದರೆ ತಪ್ಪು 24 ಮಡಿ! ಹೀಗಾಗಿ ರೋಗಿಗಳಿಗೆ ಹಾನಿಯಾದ ಮೇಲೆ, 2010ರ ಡಿಸೆಂಬರಿನಲ್ಲಿ ಅಲ್ಲಿನ ರಾಷ್ಟ್ರೀಯ ರೋಗಿಸುರಕ್ಷಾ ಸಂಸ್ಥೆಯು ಐದು ವರ್ಷಗಳೊಳಗೆ ಮಿಲಿಮೀಟರಿನ ಯಂತ್ರಗಳನ್ನು ಬಿಟ್ಟು, ಗಂಟೆಗೆ ಮಿಲಿಲೀಟರು ಎಂದು ತೋರಿಸುವ ಯಂತ್ರಗಳಿಗೆ ಬದಲಾಗಬೇಕೆಂದು ಸೂಚಿಸಿತು. ಯಂತ್ರಗಳು ಕೆಟ್ಟಿರಲಿಲ್ಲ; ದಣಿದ ದಾದಿಯೊಬ್ಬಳು ನಡುರಾತ್ರಿಯಲ್ಲಿ ಎರಡನ್ನೂ ಬೇರ್ಪಡಿಸಿ ನೋಡಬೇಕಾದ ಹೊರೆಯನ್ನು ಅವುಗಳ ರಚನೆ ಅವಳ ಮೇಲೆ ಹಾಕಿತ್ತು.

ಎತ್ತರದ ಅಪಾಯ

ಮತ್ತೆ ಅಣೆಕಟ್ಟಿನ ಬಾಗಿಲಿಗೆ ಬರೋಣ. ಸಿರಿಂಜು ರೋಗಿಗಿಂತ ಒಂದು ಮೀಟರು ಮೇಲಿದೆ ಎನ್ನಿ. ಕೊಳವೆಯಲ್ಲಿರುವ ದ್ರವದ ಆ ಒಂದು ಮೀಟರು ಎತ್ತರ ಸುಮಾರು 9,800 ಪಾಸ್ಕಲ್ ಒತ್ತಡಕ್ಕೆ ಸಮ. ಪಾದರಸದ ಅಳತೆಯಲ್ಲಿ 74 ಮಿಲಿಮೀಟರು. ರೋಗಿಯ ಸಿರೆಯೊಳಗಿನ ಒತ್ತಡವಾದರೋ ಪಾದರಸದ ಕೆಲವೇ ಮಿಲಿಮೀಟರುಗಳು. ಆದುದರಿಂದ ದ್ರವ ಕೆಳಗೆ ಜಾರಲು ಸದಾ ಸಿದ್ಧವಾಗಿದ್ದು ಕೊಂತವನ್ನು ಒಳಕ್ಕೆ ಎಳೆಯುತ್ತಿರುವುದು. ಒತ್ತಡವನ್ನು ಕ್ಷೇತ್ರಫಲದಿಂದ ಗುಣಿಸಿದರೆ ಈ ಎಳೆತ ಸುಮಾರು 6 ನ್ಯೂಟನ್, ಅಂದರೆ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚಿನ ಭಾರ. ಕೊಂತದ ಹಿಂಬದಿಯ ಅಂಚು ಪಂಪಿನ ತೋಳಿನ ಕೊಕ್ಕೆಯಲ್ಲಿ ಭದ್ರವಾಗಿದ್ದರೆ ತೋಳು ಅದನ್ನು ತಡೆದು ಹಿಡಿಯುವುದು. ಕೊಕ್ಕೆ ಸರಿಯಾಗಿ ಕೂರದಿದ್ದರೆ, ಗಂಟೆಗಳವರೆಗೆ ನಡೆಯಬೇಕಾದ ಔಷಧ ಕೆಲವು ನಿಮಿಷಗಳಲ್ಲಿ ರಕ್ತಕ್ಕೆ ಇಳಿದುಬಿಡಬಹುದು. ಇಂತಹ ಮರಣಗಳು ವೈದ್ಯಕ ಸಾಹಿತ್ಯದಲ್ಲಿ ದಾಖಲಾಗಿವೆ. ಸಿರಿಂಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇದೇ ಗತಿ. ಬಿರುಕಿನಿಂದ ಗಾಳಿ ಒಳನುಗ್ಗಿ, ಕೊಂತ ನಿಂತಲ್ಲಿಯೇ ಇದ್ದರೂ ದ್ರವ ಇಳಿದು ಹೋಗುವುದು.

ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದು. ಸೂಜಿಯಿಲ್ಲದ, ಹೊಸದಾದ 50 ಮಿಲಿಲೀಟರಿನ ಸಿರಿಂಜಿಗೆ ಎರಡು ಮೀಟರು ಉದ್ದದ ಸಣ್ಣ ಕೊಳವೆಯನ್ನು ಸೇರಿಸಿ, ಗಾಳಿಗುಳ್ಳೆ ಉಳಿಯದಂತೆ ಬಣ್ಣದ ನೀರನ್ನು ತುಂಬಿ. ಕೊಳವೆಯ ತುದಿಯನ್ನು ನೆಲದ ಮೇಲಿನ ಲೋಟದ ನೀರಿನಲ್ಲಿ ಮುಳುಗಿಸಿ, ಸಿರಿಂಜನ್ನು ಮೆಲ್ಲಮೆಲ್ಲನೆ ಮೇಲೆತ್ತಿ. ಕೊಂತ ಸಲೀಸಾಗಿ ಜಾರುವಂತಹುದಾದರೆ ಒಂದು ಎತ್ತರದಲ್ಲಿ ಅದು ತಾನಾಗಿಯೇ ಒಳಸರಿಯತೊಡಗುವುದು; ಬಿಗಿಯಾದುದಾದರೆ ರಬ್ಬರಿನ ಘರ್ಷಣೆ ಅದನ್ನು ಹಿಡಿದಿರುವುದು. ಈಗ ಕೊಂತವನ್ನು ಪೂರ್ತಿಯಾಗಿ ಹೊರಗೆಳೆದುಬಿಡಿ. ನೀರು ಒಡನೆಯೇ ಕೆಳಗಿಳಿಯುವುದು. ಬಿರುಕಿನ ಅಪಾಯವೆಂದರೆ ಇದೇ. ಘರ್ಷಣೆಯನ್ನು ನಂಬಿ ರೋಗಿಯ ಪ್ರಾಣವನ್ನು ಬಿಡಬಾರದೆಂದು ಇದರಿಂದ ಮನದಟ್ಟಾಗುವುದು.

ಇದಕ್ಕೆ ಉಪಾಯಗಳು ಸರಳ. ಪಂಪನ್ನು ಸಾಧ್ಯವಾದಷ್ಟೂ ರೋಗಿಯ ಮಟ್ಟದಲ್ಲಿಡಬೇಕು. ಸಿರಿಂಜನ್ನು ಕೂರಿಸಿದ ಮೇಲೆ ಕೊಳವೆಯನ್ನು ರೋಗಿಗೆ ಜೋಡಿಸಬೇಕು. ತೆಗೆಯುವಾಗ ಮೊದಲು ಕೊಳವೆಯನ್ನು ಮುಚ್ಚಿ ಆಮೇಲೆ ಸಿರಿಂಜನ್ನು ಬಿಡಿಸಬೇಕು. ದ್ರವ ತಾನಾಗಿ ಜಾರದಂತೆ ತಡೆಯುವ ಸಣ್ಣ ಕವಾಟವಿರುವ ಕೊಳವೆಗಳು ದೊರೆಯುತ್ತವೆ; ಅವನ್ನೇ ಬಳಸಬೇಕು. ಪಂಪು ನಡೆಯುತ್ತಿರುವಾಗ ಅದನ್ನು ಎತ್ತಿ ಇಳಿಸುವುದೂ ಸಲ್ಲದು. ಎತ್ತಿದೊಡನೆ ಒಂದಿಷ್ಟು ಔಷಧ ಹೆಚ್ಚಾಗಿ ಹೋಗುವುದು, ಇಳಿಸಿದೊಡನೆ ಒಂದಿಷ್ಟು ಹೊತ್ತು ಹರಿವೇ ನಿಲ್ಲುವುದು.

ಸಡಿಲ ಮತ್ತು ಅಡಚಣೆ

ತೋಳಿಗೂ ಕೊಂತಕ್ಕೂ ನಡುವೆ ಒಂದು ಮಿಲಿಮೀಟರು ಸಡಿಲ ಉಳಿದಿದೆ ಎನ್ನಿ. ಗಂಟೆಗೆ 36 ಮಿಲಿಲೀಟರು ಹರಿಯುವಾಗ ಅದು ಒಂದು ನಿಮಿಷದಲ್ಲಿ ತುಂಬಿಬಿಡುವುದು. ಆದರೆ ರಕ್ತದೊತ್ತಡವನ್ನು ಎತ್ತಿಹಿಡಿಯುವ ಕೆಲವು ಪ್ರಬಲ ಔಷಧಗಳನ್ನು ಗಂಟೆಗೆ 2 ಮಿಲಿಲೀಟರಿನಷ್ಟು ನಿಧಾನವಾಗಿ ಕೊಡುವುದುಂಟು. ಆಗ ಅದೇ ಸಡಿಲಕ್ಕೆ 18 ನಿಮಿಷಗಳು! ಪರದೆ “ನಡೆಯುತ್ತಿದೆ” ಎನ್ನುತ್ತಿರುವುದು. ರೋಗಿಗೆ ಒಂದು ಹನಿಯೂ ಬಂದಿರುವುದಿಲ್ಲ. ಆದುದರಿಂದಲೇ ರೋಗಿಗೆ ಜೋಡಿಸುವ ಮೊದಲು ಪಂಪಿನಿಂದಲೇ ಸ್ವಲ್ಪ ದ್ರವವನ್ನು ಹೊರದೂಡಿ, ಕೊಳವೆಯ ತುದಿಯಲ್ಲಿ ಹನಿ ಕಾಣುವವರೆಗೆ ಕಾಯುವ ಪದ್ಧತಿ ಇರುವುದು. ನಿಧಾನದ ಹರಿವಿಗೆ ಸಣ್ಣ ಸಿರಿಂಜನ್ನು ಆರಿಸುವುದಕ್ಕೂ ಇದೇ ಕಾರಣ. ವ್ಯಾಸ ಚಿಕ್ಕದಾದಷ್ಟೂ ಅದೇ ಹರಿವಿಗೆ ಕೊಂತ ಹೆಚ್ಚು ದೂರ ಸರಿಯುವುದು. ಸಡಿಲ ಬೇಗ ಮುಗಿಯುವುದು.

ಅಡಚಣೆಯ ಕಥೆ ಇದಕ್ಕಿಂತ ಸೂಕ್ಷ್ಮ. ಕೊಳವೆ ಎಲ್ಲಿಯೋ ಮಡಿಸಿಕೊಂಡಿದೆ. ಪಂಪು ತಳ್ಳುತ್ತಲೇ ಇದೆ. ಒತ್ತಡ ಏರಿ, ಕೊಳವೆಯೂ ಸಿರಿಂಜಿನ ರಬ್ಬರೂ ಹಿಗ್ಗುವುವು. ಒತ್ತಡ ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದಾಗ ಮಾತ್ರ ಯಂತ್ರ ಕೂಗುವುದು. ಅಷ್ಟರಲ್ಲಿ ಒಟ್ಟು ಒಂದು ಮಿಲಿಲೀಟರು ಹಿಗ್ಗಿತೆಂದು ಇಟ್ಟುಕೊಳ್ಳೋಣ. ಗಂಟೆಗೆ 36 ಮಿಲಿಲೀಟರಿನ ಹರಿವಿನಲ್ಲಿ ಕೂಗು ಬರಲು 100 ಸೆಕೆಂಡು ಬೇಕು. ಗಂಟೆಗೆ 2 ಮಿಲಿಲೀಟರಿನಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆ ರೋಗಿ ಔಷಧವಿಲ್ಲದೆ ಇರುವನು. ಕೂಗನ್ನು ಕೇಳಿ ಓಡಿಬಂದವರು ಮಡಿಕೆಯನ್ನು ಥಟ್ಟನೆ ಬಿಡಿಸಿದರೆ, ಹಿಗ್ಗಿ ಕುಳಿತಿದ್ದ ಔಷಧವೆಲ್ಲವೂ ಒಮ್ಮೆಗೇ ಒಳನುಗ್ಗುವುದು. ಒತ್ತಡವನ್ನು ಮೊದಲು ಬೇರೆ ದಾರಿಯಿಂದ ಇಳಿಸಿ, ಆಮೇಲೆ ಮಡಿಕೆ ಬಿಡಿಸಬೇಕು. ಉತ್ತಮ ಪಂಪುಗಳು ಕೂಗಿದ ಮೇಲೆ ತಾವಾಗಿಯೇ ತೋಳನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಳ್ಳುವುವು.

ಕೊನೆಯ ಗೇಣು

ಪಂಪು ಸರಿಯಾಗಿದೆ, ಸಿರಿಂಜು ಸರಿಯಾಗಿದೆ, ಕೊಳವೆಯೂ ಸರಿಯಾಗಿದೆ. ಆದರೂ ಔಷಧ ರಕ್ತಕ್ಕೆ ಹೋಗದಿರಬಹುದು. ಸಿರೆಯಲ್ಲಿಟ್ಟ ಕ್ಯಾನುಲಾ ಹೊರಬಂದು ಔಷಧ ಚರ್ಮದಡಿಯಲ್ಲಿ ಸೇರುತ್ತಿರಬಹುದು. ಜೋಡಣೆ ಕಳಚಿ ಹಾಸಿಗೆ ನೆನೆಯುತ್ತಿರಬಹುದು. ಆಗ ಒತ್ತಡ ಹೆಚ್ಚುವುದಿಲ್ಲವಾಗಿ ಪಂಪು ಕೂಗುವುದೂ ಇಲ್ಲ. ಅದೇ ಕ್ಯಾನುಲಾಕ್ಕೆ ತೂಗುಬಾಟಲಿಯ ದ್ರವವನ್ನೂ ಜೋಡಿಸಿದ್ದು, ತುದಿ ಮುಚ್ಚಿಹೋದರೆ, ಔಷಧ ಆ ಬಾಟಲಿಯ ಕೊಳವೆಯೊಳಕ್ಕೆ ಹಿಂದಕ್ಕೆ ಏರಿ ನಿಲ್ಲುವುದು. ಇದನ್ನು ತಡೆಯಲು ಬಾಟಲಿಯ ಕೊಳವೆಯಲ್ಲಿ ಒಮ್ಮುಖದ ಕವಾಟವಿರಬೇಕು.

ಶಸ್ತ್ರಚಿಕಿತ್ಸೆಗಾಗಿ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಟ್ಟಿದ್ದರೆ ಸ್ಥಿತಿ ಭಯಂಕರವಾಗುವುದು. ರೋಗಿಗೆ ಎಚ್ಚರವಾದರೂ ಕೈ ಎತ್ತಲಾರನು, ರೆಪ್ಪೆ ತೆರೆಯಲಾರನು, ಕೂಗಲಾರನು. ಬ್ರಿಟನ್ ಮತ್ತು ಐರ್ಲೆಂಡುಗಳ ಅರಿವಳಿಕೆ ತಜ್ಞರು ನಡೆಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ, ಚಿಕಿತ್ಸೆಯ ನಡುವೆ ಎಚ್ಚರವಾಯಿತೆಂಬ ವರದಿ ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ ಬಂದಿತು. ಸ್ನಾಯು ಸಡಿಲಿಸುವ ಔಷಧ ಕೊಟ್ಟಲ್ಲಿ ಅದು ಸುಮಾರು 8,000ಕ್ಕೆ ಒಂದು. ಕೊಡದೆ ಇದ್ದಲ್ಲಿ ಸುಮಾರು 1,36,000ಕ್ಕೆ ಒಂದು. ಅಪರೂಪವೇ ನಿಜ; ಆದರೆ ಅನುಭವಿಸಿದವನಿಗೆ ಅದು ಜೀವಮಾನದ ಗಾಯ. ಆದುದರಿಂದ ಕ್ಯಾನುಲಾ ಇರುವ ಕೈಯನ್ನು ಹೊದಿಕೆಯಡಿ ಮುಚ್ಚಿಡದೆ, ಕಣ್ಣಿಗೆ ಕಾಣುವಂತೆ ಇಟ್ಟಿರಬೇಕೆಂದು ತಜ್ಞರು ವಿಧಿಸಿದ್ದಾರೆ. ಕೊಳವೆಗಳ ಜೋಡಣೆ ತಿರುಪಿನ ಬೀಗದ್ದಾಗಿರಬೇಕು. ಸ್ನಾಯುಗಳನ್ನು ಸಡಿಲಿಸಿದಾಗ ಮಿದುಳಿನ ವಿದ್ಯುತ್ ತರಂಗಗಳನ್ನು ಗಮನಿಸುವ ಉಪಕರಣವನ್ನು ಹಣೆಗೆ ಜೋಡಿಸುವುದೂ ಈಗ ರೂಢಿಗೆ ಬರುತ್ತಿದೆ.

ಚಿಕಿತ್ಸೆ ಮುಗಿದ ಮೇಲೆಯೂ ಒಂದು ಎಚ್ಚರಿಕೆ ಬೇಕು. ಕ್ಯಾನುಲಾದಲ್ಲಿಯೂ ಅದರ ಸಣ್ಣ ಕೊಳವೆಯಲ್ಲಿಯೂ ಉಳಿದ ಔಷಧವನ್ನು ತೊಳೆದು ತೆಗೆಯದಿದ್ದರೆ, ಆಮೇಲೆ ವಾರ್ಡಿನಲ್ಲಿ ಯಾರೋ ಬೇರೊಂದು ಚುಚ್ಚುಮದ್ದು ಕೊಟ್ಟಾಗ ಅದು ಒಳಸೇರಿ, ಎಚ್ಚರವಾಗಿದ್ದ ರೋಗಿಯ ಉಸಿರನ್ನೇ ನಿಲ್ಲಿಸಬಹುದು.

ಕೊಳ್ಳುವವರು ಕೇಳಬೇಕಾದುದು

ಆಸ್ಪತ್ರೆಗಳಲ್ಲಿ ಯಂತ್ರವನ್ನು ಕೊಳ್ಳುವಾಗ ಬೆಲೆಯ ಕಾಗದವನ್ನೇ ಮೊದಲು ನೋಡುವುದು ಸಾಮಾನ್ಯ. ಈವರೆಗೆ ಹೇಳಿದುದನ್ನು ನೆನೆದರೆ ಬೇರೆ ಪ್ರಶ್ನೆಗಳು ತಾವಾಗಿಯೇ ಹೊರಡುವುವು. ನಮ್ಮ ಊರಿನ ಔಷಧದಂಗಡಿಯಲ್ಲಿ ವರ್ಷವಿಡೀ ದೊರೆಯುವ ಸಿರಿಂಜು ಈ ಪಂಪಿನ ಪಟ್ಟಿಯಲ್ಲಿದೆಯೆ? ಕೊಂತ ಕೊಕ್ಕೆಯಲ್ಲಿ ಕೂರದಿದ್ದರೆ ಇದು ನಡೆಯಲು ನಿರಾಕರಿಸುವುದೆ? ಅಡಚಣೆಯ ಮಿತಿಯನ್ನು ತಗ್ಗಿಸಬಹುದೆ? ಅತಿಯಾದ ಸಂಖ್ಯೆಯನ್ನು ಒತ್ತಿದರೆ ಎಚ್ಚರಿಸುವುದೆ? ಮಂದ ಬೆಳಕಿನಲ್ಲಿಯೂ ಪರದೆಯನ್ನು ಓದಬಹುದೆ? ಕೆಟ್ಟರೆ ಸರಿಪಡಿಸುವವನು ಎಷ್ಟು ದೂರದಿಂದ ಬರಬೇಕು? ಆಸ್ಪತ್ರೆಯಲ್ಲೆಲ್ಲ ಒಂದೇ ಜಾತಿಯ ಪಂಪನ್ನಿಟ್ಟರೆ ಕೈತಪ್ಪು ಕಡಮೆಯಾಗುವುದೆಂಬುದಕ್ಕೆ ಬ್ರಿಟನ್ನಿನ ಕಥೆಯೇ ಸಾಕ್ಷಿ.

ವಿದ್ಯುತ್ತಿನ ಪ್ರಶ್ನೆ ನಮಗೆ ವಿಶೇಷವಾದುದು. 2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯಲ್ಲಿ ಜನರು ವಿಮ್ಸ್ ಎಂದು ಕರೆಯುವ ಆಸ್ಪತ್ರೆಯಲ್ಲಿ ವಿದ್ಯುತ್ ಕೈಕೊಟ್ಟಿತು. ಅಂದು ತೀವ್ರ ನಿಗಾ ಘಟಕದಲ್ಲಿ ಸಂಭವಿಸಿದ ಮರಣಗಳಿಗೆ ಅದೇ ಕಾರಣವೆಂದು ಬಂಧುಗಳೂ, ಅಲ್ಲವೆಂದು ಸರ್ಕಾರವೂ ಹೇಳಿ, ವಿಷಯ ವಿಧಾನಸಭೆಯವರೆಗೂ ಹೋಯಿತು. ಅಲ್ಲಿ ಮಾತು ಬಂದುದು ಉಸಿರಾಟದ ಯಂತ್ರಗಳದು, ಸಿರಿಂಜು ಪಂಪಿನದಲ್ಲ. ಆದರೆ ವಿದ್ಯುತ್ತನ್ನು ನಂಬಿದ ಪ್ರತಿಯೊಂದು ಯಂತ್ರಕ್ಕೂ ಪಾಠ ಒಂದೇ. ಸಿರಿಂಜು ಪಂಪಿನಲ್ಲಿ ಬ್ಯಾಟರಿ ಇರುವುದು. ಹೊಸದರಲ್ಲಿ ಹಲವು ಗಂಟೆ ನಡೆಸೀತು. ಆದರೆ ಬ್ಯಾಟರಿಗೂ ಮುಪ್ಪುಂಟು. ಕೆಲವು ವರ್ಷಗಳಾದ ಮೇಲೆ ಪರದೆಯಲ್ಲಿ “ತುಂಬಿದೆ” ಎಂದು ತೋರಿಸಿದರೂ ಅರ್ಧ ಗಂಟೆಯಲ್ಲಿ ಬರಿದಾಗಬಹುದು. ನಿಗದಿಯಾದ ಕಾಲಕ್ಕೊಮ್ಮೆ ತಂತಿ ಕಿತ್ತು, ರೋಗಿಯಿಲ್ಲದೆ ನಡೆಸಿ ನೋಡುವುದೊಂದೇ ಇದಕ್ಕೆ ಪರೀಕ್ಷೆ.

ಹರಿವಿನ ಪರೀಕ್ಷೆಗೂ ದೊಡ್ಡ ಉಪಕರಣ ಬೇಕಾಗಿಲ್ಲ. ನೀರು ತುಂಬಿದ ಪಂಪನ್ನು ಗಂಟೆಗೆ 36 ಮಿಲಿಲೀಟರಿನಂತೆ ಸರಿಯಾಗಿ ಒಂದು ಗಂಟೆ ನಡೆಸಿ, ಬಂದ ನೀರನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದರೆ ಸುಮಾರು 36 ಗ್ರಾಂ ಇರಬೇಕು. ನೀರು ಆವಿಯಾಗದಂತೆ ಮೇಲೊಂದು ಪದರ ಎಣ್ಣೆ ಹಾಕಿರಬೇಕು. ಪ್ರತಿ ನಿಮಿಷವೂ ತೂಗುತ್ತಾ ಹೋದರೆ ಇನ್ನೊಂದು ಸಂಗತಿ ಕಾಣುವುದು. ಒಂದೊಂದು ನಿಮಿಷದ ಹರಿವಿನಲ್ಲಿ ಏರುಪೇರು ಹೆಚ್ಚು. ಹತ್ತು ನಿಮಿಷಗಳ ಸರಾಸರಿಯಲ್ಲಿ ಕಡಮೆ. ಗಂಟೆಯ ಸರಾಸರಿಯಲ್ಲಿ ಬಹಳ ಕಡಮೆ. ಇದನ್ನು ನಕ್ಷೆಯಲ್ಲಿ ಬರೆದರೆ ಎರಡು ರೇಖೆಗಳು ಕಹಳೆಯ ಬಾಯಿಯಿಂದ ಕೊರಳಿನ ಕಡೆಗೆ ಹೋದಂತೆ ಹತ್ತಿರವಾಗುವುವು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ತಯಾರಕರು ಈ ಕಹಳೆಯ ರೇಖೆಯನ್ನು ಯಂತ್ರದೊಡನೆ ಕೊಡಬೇಕು. ಕೊಳ್ಳುವವರು ಅದನ್ನು ಕೇಳಿ ಪಡೆದು ನೋಡಬೇಕು.

ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಉಪಕರಣಗಳ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. ಉಪಕರಣಗಳಿಂದಾದ ಹಾನಿಯನ್ನು ವರದಿ ಮಾಡಲು ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದ ಆಶ್ರಯದಲ್ಲಿ 2015ರಿಂದ ಒಂದು ವ್ಯವಸ್ಥೆಯೂ ಇದೆ. ಯಂತ್ರವೊಂದು ತಪ್ಪಿದಾಗ ಅದನ್ನು ಮೂಲೆಗೆ ತಳ್ಳಿ ಸುಮ್ಮನಾಗದೆ ಬರೆದು ತಿಳಿಸಿದರೆ, ಬೇರೊಂದು ಊರಿನಲ್ಲಿ ಅದೇ ತಪ್ಪು ನಡೆಯುವುದು ನಿಂತೀತು.

ಆ ದಿನ ಹೊರಡುವ ಮುನ್ನ ನಾನು ಮಿತ್ರರನ್ನು ಕೇಳಿದೆ: “ಇಷ್ಟು ಜಾಣ ಯಂತ್ರವಿರುವಾಗ ನೀವು ಎರಡು ಗಂಟೆಯೂ ರೋಗಿಯ ತಲೆದೆಸೆಯಲ್ಲಿಯೇ ಏಕೆ ಕುಳಿತಿರಬೇಕು?” ಅವರು ಪಂಪಿನ ತೋಳಿನ ಮೇಲೆ ಬೆರಳಿಟ್ಟು ಹೇಳಿದರು: “ಇದಕ್ಕೆ ತಾನು ಎಷ್ಟು ದೂರ ನಡೆದೆನೆಂಬುದು ಗೊತ್ತು. ಎಲ್ಲಿಗೆ ತಲಪಿದೆನೆಂಬುದು ಗೊತ್ತಿಲ್ಲ. ಅದನ್ನು ನೋಡುವುದಕ್ಕೆ ನಾನಿದ್ದೇನೆ.”

ಸಂಜೆ ಮಲಪನಗುಡಿಗೆ ಮರಳುವಾಗ ಕಾಲುವೆಯ ದಂಡೆಯಲ್ಲಿ ರೈತರೊಬ್ಬರು ತೂಬನ್ನು ತೆರೆದು, ಸನಿಕೆಯನ್ನು ಹೆಗಲಿಗೇರಿಸಿ ಗದ್ದೆಯ ಕೊನೆಯ ಮಡಿಯ ಕಡೆಗೆ ನಡೆಯುತ್ತಿದ್ದರು. ನೀರು ಬಿಟ್ಟಾಯಿತೆಂದು ಅವರು ಮನೆಗೆ ಹೋಗಲಿಲ್ಲ. ಕೊನೆಯ ಮಡಿಗೆ ನೀರು ಮುಟ್ಟಿತೆ ಎಂದು ನೋಡುವುದಕ್ಕೆ ಹೊರಟಿದ್ದರು.